ಬಿಸಿಆರ್-ಎಬಿಎಲ್ ಅಂದರೆ ಏನು? ಕೌಂಟ್ ಸರಿಯಾದ ಮೇಲೂ ಅಪ್ಪ ಮಾತ್ರೆ ನುಂಗಲೇಬೇಕಾ?

ಚನ್ನಗಿರಿ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಚನ್ನಗಿರಿ ಹತ್ತಿರದ ಹಳ್ಳಿ, ಅಡಿಕೆ ತೋಟ. ಅಪ್ಪನಿಗೆ 54 ವರ್ಷ. ಬೇಸಿಗೆಯಿಂದಲೇ ಸುಸ್ತು ಅನ್ನುತ್ತಿದ್ದರು. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿತು ಅಂತ ಎದ್ದುಬಿಡುತ್ತಿದ್ದರು. ಎಡಗಡೆ ಪಕ್ಕೆಯ ಕೆಳಗೆ ಏನೋ ಭಾರ. ಗ್ಯಾಸ್ಟ್ರಿಕ್ ಇರಬೇಕು ಅಂದುಕೊಂಡು ಮೆಡಿಕಲ್ ಶಾಪಿನ ಮಾತ್ರೆಯಲ್ಲೇ ದಿನ ತಳ್ಳಿದರು. ಕೊನೆಗೆ ದಾವಣಗೆರೆಯಲ್ಲಿ ರಕ್ತ ಪರೀಕ್ಷೆ ಮಾಡಿಸಿದರೆ ಬಿಳಿ ರಕ್ತಕಣ 1,80,000 ಬಂತು. ಸ್ಕ್ಯಾನ್‌ನಲ್ಲಿ ಗುಲ್ಮ ದೊಡ್ಡದಾಗಿದೆ ಅಂದರು. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು ಕಳಿಸಿದರು. ರಿಪೋರ್ಟಿನಲ್ಲಿ "ಬಿಸಿಆರ್-ಎಬಿಎಲ್ ಪಾಸಿಟಿವ್" ಅಂತ ಇತ್ತು. ಸಿಎಂಎಲ್ ಅನ್ನುವ ರಕ್ತದ ಕ್ಯಾನ್ಸರ್, ಮೊದಲ ಹಂತದಲ್ಲೇ ಸಿಕ್ಕಿದೆ, ಹೆದರಬೇಡಿ ಅಂದರು ಡಾಕ್ಟರ್. ಇಮಾಟಿನಿಬ್ 400 ಎಂಜಿ, ದಿನಕ್ಕೊಂದು.

ಈಗ ಕೌಂಟ್ ಸರಿಯಾಗಿದೆ, 7,000ದ ಹತ್ತಿರ. ಹೊಟ್ಟೆಯ ಭಾರ ಹೋಗಿದೆ. ಅಪ್ಪ ಮತ್ತೆ ತೋಟಕ್ಕೆ ಹೋಗುತ್ತಿದ್ದಾರೆ. ಆದರೆ ಮನೆಯಲ್ಲಿ ದಿನಾ ಇದೇ ಮಾತು. ಸೋದರಮಾವ ಬಂದು "ವಾಸಿಯಾಯ್ತಲ್ಲ, ಇನ್ಯಾಕೆ ಆ ಕ್ಯಾನ್ಸರ್ ಮಾತ್ರೆ? ಕಿಡ್ನಿ ಹಾಳಾಗುತ್ತೆ. ನಿಲ್ಲಿಸಿ, ನಾಟಿ ಔಷಧಿ ಕೊಡಿಸೋಣ" ಅನ್ನುತ್ತಾರೆ. ಅಪ್ಪನಿಗೂ ಅರ್ಧ ಮನಸ್ಸು ಆ ಕಡೆಗೇ ಇದೆ.

ಡಾಕ್ಟರ್ ಹತ್ತಿರ ಕೇಳೋಣ ಅಂದರೆ ಹೊರಗೆ ಅಷ್ಟುದ್ದ ಕ್ಯೂ. "ನಿಲ್ಲಿಸಬೇಡಿ" ಅಂದರು, ಯಾಕೆ ಅಂತ ವಿವರಿಸಲು ಅವರಿಗೆ ಪುರುಸೊತ್ತು ಇರಲಿಲ್ಲ. ನಾನು ಬಿಕಾಂ ಓದಿದವಳು. ಎಬಿಎಲ್ ಅನ್ನುವುದು ಎಲ್ಲರ ಮೈಯಲ್ಲೂ ಇರುವ ಪ್ರೋಟೀನ್ ಅಂತ ಎಲ್ಲೋ ಓದಿದೆ. ಎಲ್ಲರಲ್ಲೂ ಇದ್ದರೆ ಅದು ಕೆಟ್ಟದ್ದು ಹೇಗೆ? ಅದನ್ನು ಮಾತ್ರೆ ಹಾಕಿ ತಡೆದರೆ ಬೇರೆ ತೊಂದರೆ ಆಗಲ್ವಾ? ನನಗೆ, ತಮ್ಮನಿಗೆ ಬರುತ್ತಾ? ತೋಟಕ್ಕೆ ಔಷಧಿ ಹೊಡೆದಿದ್ದರಿಂದ ಬಂತಾ? ಇನ್ನೊಂದು ವಿಚಿತ್ರ: ಅಪ್ಪನ ಮೈಬಣ್ಣ ಬೆಳ್ಳಗಾಗುತ್ತಿದೆ. ನೋಡಿದವರೆಲ್ಲ ರಕ್ತ ಕಮ್ಮಿಯಾಗಿದೆ ಅಂತ ಹೆದರಿಸುತ್ತಿದ್ದಾರೆ. ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮಾವನಿಗೆ ಓದಿ ಹೇಳುವ ಹಾಗಿರಲಿ.

ರಾಣೆಬೆನ್ನೂರು ಅಕ್ಕ

ತಂಗಿ, ಮಾತ್ರೆ ನಿಲ್ಲಿಸಬೇಡಿ. ಇದನ್ನು ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ.

ನಾನು ಡಾಕ್ಟರ್ ಅಲ್ಲ. ಊರು ರಾಣೆಬೆನ್ನೂರು, ಕೆಲಸ ಬೆಂಗಳೂರಿನ ಒಂದು ಲ್ಯಾಬಿನಲ್ಲಿ. ನಿಮ್ಮ ಅಪ್ಪನ ರಿಪೋರ್ಟಿನಂಥ ಬಿಸಿಆರ್-ಎಬಿಎಲ್ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಎಷ್ಟೋ ವರ್ಷದಿಂದ ಈ ಒಂದು ಪ್ರೋಟೀನಿನ ಬೆನ್ನು ಹತ್ತಿದ್ದೇನೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಓದಿದ್ದು ಸರಿ. ಎಬಿಎಲ್ ನನ್ನಲ್ಲೂ ಇದೆ, ನಿಮ್ಮಲ್ಲೂ ಇದೆ, ನಿಮ್ಮ ಮಾವನಲ್ಲೂ ಇದೆ. ಜೀವಕೋಶಕ್ಕೆ ಹೊರಗಿನಿಂದ ಸುದ್ದಿ ಬರುತ್ತಲೇ ಇರುತ್ತದೆ. ಬೆಳೆ, ನಿಲ್ಲು, ಜಾಗ ಬದಲಿಸು, ಡಿಎನ್‌ಎ ಮುರಿದಿದೆ ರಿಪೇರಿ ಮಾಡು ಅಂತ. ಈ ಸುದ್ದಿಯನ್ನು ಒಳಗೆ ಮುಟ್ಟಿಸುವ ಪ್ರೋಟೀನ್‌ಗಳಲ್ಲಿ ಎಬಿಎಲ್ ಒಂದು. ಈ ಜಾತಿಯ ಪ್ರೋಟೀನ್‌ಗೆ ಕೈನೇಸ್ ಅನ್ನುತ್ತಾರೆ. ಮನುಷ್ಯರಲ್ಲಿ ಇಂಥವು 500ಕ್ಕೂ ಜಾಸ್ತಿ ಇವೆ. ಕೈನೇಸ್ ಮಾಡುವ ಕೆಲಸ ಇಷ್ಟೇ: ಕೋಶಕ್ಕೆ ಶಕ್ತಿ ಕೊಡುವ ಎಟಿಪಿ ಅನ್ನುವ ಅಣುವಿನಿಂದ ಒಂದು ಫಾಸ್ಫೇಟ್ ತೆಗೆದು ಇನ್ನೊಂದು ಪ್ರೋಟೀನಿಗೆ ಅಂಟಿಸುವುದು. ಅಂಟಿಸಿಕೊಂಡ ಪ್ರೋಟೀನ್ ಎಚ್ಚರವಾಗಿ ಮುಂದಿನದನ್ನು ಎಬ್ಬಿಸುತ್ತದೆ. ಎಬಿಎಲ್ ಇಲ್ಲದೆ ಹುಟ್ಟುವಂತೆ ಮಾಡಿದ ಇಲಿಗಳಲ್ಲಿ ಬಹಳಷ್ಟು ಹುಟ್ಟಿದ ಸ್ವಲ್ಪ ದಿನಕ್ಕೇ ಸತ್ತವು. ಉಳಿದವುಗಳಲ್ಲೂ ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್ ಕಣಗಳು ಕಮ್ಮಿ ಇದ್ದವು. ಅಂದರೆ ಇದು ಬೇಕಾದ ಪ್ರೋಟೀನೇ.

ಇದರ ಒಳ್ಳೆಯತನ ಇರುವುದು ಸುಮ್ಮನಿರುವುದರಲ್ಲಿ. ಎಬಿಎಲ್‌ನ ಒಂದು ತುದಿಯಲ್ಲಿ ಸಣ್ಣ ಕೊಬ್ಬಿನ ಎಳೆ ಇರುತ್ತದೆ. ಆ ಎಳೆ ಬಾಗಿ ಅದರದೇ ಮೈಯಲ್ಲಿರುವ ಒಂದು ಸಂದಿಗೆ ಹೋಗಿ ಕೂರುತ್ತದೆ. ಆಗ ಇಡೀ ಪ್ರೋಟೀನ್ ಮುದುಡಿಕೊಂಡು ಕೆಲಸ ನಿಲ್ಲಿಸುತ್ತದೆ. ಸುದ್ದಿ ಬಂದಾಗ ಬಿಚ್ಚಿಕೊಳ್ಳುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಮುದುಡಿಕೊಳ್ಳುತ್ತದೆ. ತನ್ನ ಬೀಗ ತನ್ನಲ್ಲೇ ಇಟ್ಟುಕೊಂಡಿರುವ ಪ್ರೋಟೀನ್. ಇದನ್ನು ಮೊದಲ ಸಲ ಚಿತ್ರದಲ್ಲಿ ನೋಡಿದಾಗ ನನಗೆ ಬಹಳ ಹೊತ್ತು ಕಣ್ಣು ತೆಗೆಯಲಾಗಲಿಲ್ಲ.

ಈಗ ನಿಮ್ಮ ಅಪ್ಪನಿಗೆ ಆಗಿದ್ದು. ಎಬಿಎಲ್ ತಯಾರಿಸುವ ಜೀನ್ 9ನೇ ಕ್ರೋಮೋಸೋಮಿನಲ್ಲಿದೆ. ಬಿಸಿಆರ್ ಅನ್ನುವ ಬೇರೊಂದು ಜೀನ್ 22ನೆಯದರಲ್ಲಿದೆ. ಮಜ್ಜೆಯ ಯಾವುದೋ ಒಂದೇ ಒಂದು ಕೋಶದಲ್ಲಿ ಇವೆರಡೂ ತುಂಡಾಗಿ, ತುಂಡುಗಳು ಅದಲುಬದಲಾಗಿ ಅಂಟಿಕೊಂಡವು. ಎಬಿಎಲ್‌ನ ಬೀಗವಿದ್ದ ತುದಿ ಹೋಯಿತು. ಆ ಜಾಗಕ್ಕೆ ಬಿಸಿಆರ್ ಬಂದು ಕೂತಿತು. ಬಿಸಿಆರ್‌ಗೆ ಒಂದು ಗುಣ ಇದೆ: ನಾಲ್ಕು ಪ್ರೋಟೀನ್‌ಗಳನ್ನು ಒಂದಕ್ಕೊಂದು ಹೆಣೆದುಬಿಡುತ್ತದೆ. ಹೀಗೆ ಹತ್ತಿರ ಬಂದ ಎಬಿಎಲ್‌ಗಳು ಒಂದಕ್ಕೊಂದು ಫಾಸ್ಫೇಟ್ ಅಂಟಿಸಿಕೊಂಡು ಸದಾ ಎಚ್ಚರವಾಗಿರುತ್ತವೆ. ಅಪ್ಪನಿಗೆ ಹೇಳುವುದಾದರೆ, ಬೋರ್‌ವೆಲ್ ಸ್ಟಾರ್ಟರಿನ ಆಫ್ ಬಟನ್ ಕಿತ್ತುಹೋಗಿ ಮೋಟಾರ್ ಹಗಲೂ ರಾತ್ರಿ ಓಡಿದ ಹಾಗೆ ಅನ್ನಿ. "ಬೆಳೆ, ಸಾಯಬೇಡ" ಅನ್ನುವ ಸುದ್ದಿ ನಿಲ್ಲುವುದೇ ಇಲ್ಲ. ಆ ಒಂದು ಕೋಶದ ಸಂತಾನ ಮಜ್ಜೆ ತುಂಬಿ, ರಕ್ತಕ್ಕೆ ಇಳಿದು, ಗುಲ್ಮದಲ್ಲೂ ಜಮಾಯಿಸುತ್ತದೆ. ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದ್ದು ಅದಕ್ಕೇ. ಊದಿದ ಗುಲ್ಮ ಹೊಟ್ಟೆಯನ್ನು ಒತ್ತುತ್ತಿತ್ತು.

ಈ ವಿಷಯ ಒಂದೇ ದಿನಕ್ಕೆ ಗೊತ್ತಾಗಿದ್ದಲ್ಲ. 1960ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್, ಈ ಕಾಯಿಲೆಯವರ ರಕ್ತದಲ್ಲಿ ಒಂದು ಕ್ರೋಮೋಸೋಮ್ ವಿಪರೀತ ಸಣ್ಣದಾಗಿರುವುದನ್ನು ಕಂಡರು. ಅದಕ್ಕೆ ಇವತ್ತಿಗೂ ಫಿಲಡೆಲ್ಫಿಯಾ ಕ್ರೋಮೋಸೋಮ್ ಅಂತಲೇ ಹೆಸರು. ರಿಪೋರ್ಟಿನಲ್ಲಿ "ಪಿಎಚ್ ಪಾಸಿಟಿವ್" ಅಂತ ಬರೆದಿದ್ದರೆ ಇದೇ. ಅದು ಬರೀ ತುಂಡಾಗಿದ್ದಲ್ಲ, 9 ಮತ್ತು 22ರ ನಡುವಿನ ಅದಲುಬದಲು ಅಂತ 1973ರಲ್ಲಿ ತೋರಿಸಿದವರು ಶಿಕಾಗೋದ ಜಾನೆಟ್ ರೌಲಿ. ಮನೆಯ ಊಟದ ಮೇಜಿನ ಮೇಲೆ ಕ್ರೋಮೋಸೋಮುಗಳ ಫೋಟೋ ಕತ್ತರಿಸಿ ಜೋಡಿಸುತ್ತಿದ್ದ ಹೆಣ್ಣುಮಗಳು ಆಕೆ. ಲ್ಯಾಬಿನಲ್ಲಿ ಹೊಸ ಹುಡುಗಿಯರು ಕೆಲಸಕ್ಕೆ ಸೇರಿದಾಗ ನಾನು ಆಕೆಯ ಕಥೆ ಹೇಳಿಯೇ ಹೇಳುತ್ತೇನೆ. 1990ರಲ್ಲಿ ಈ ಬೆಸುಗೆ ಜೀನನ್ನು ಇಲಿಯ ಮಜ್ಜೆಗೆ ಹಾಕಿದಾಗ ಇಲಿಗೂ ಇದೇ ಥರದ ಕಾಯಿಲೆ ಬಂತು. ಇದೊಂದು ಪ್ರೋಟೀನೇ ಸಾಕು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಇಮಾಟಿನಿಬ್ ಮಾಡುವುದು ಏನು? ಎಟಿಪಿ ಬಂದು ಕೂರುವ ಸಂದಿಗೆ ತಾನು ಹೋಗಿ ಕೂರುತ್ತದೆ. ಎಟಿಪಿ ಇಲ್ಲ, ಹಾಗಾಗಿ ಫಾಸ್ಫೇಟ್ ಇಲ್ಲ, ಸುದ್ದಿ ಬಂದ್. ಮಾಮೂಲಿ ಕೋಶಗಳು ಒಂದು ಎಬಿಎಲ್ ಮೇಲೆ ಜೀವ ಹಿಡಿದುಕೊಂಡಿರುವುದಿಲ್ಲ, ಅವಕ್ಕೆ ಬೇರೆ ದಾರಿಗಳಿವೆ. ಈ ಕ್ಯಾನ್ಸರ್ ಕಣಗಳು ಮಾತ್ರ ಆ ಒಂದು ಸುದ್ದಿಗೇ ಜೋತುಬಿದ್ದಿರುತ್ತವೆ. ಅದಕ್ಕೇ ಅವು ಸಾಯುತ್ತವೆ, ಅಪ್ಪ ತೋಟಕ್ಕೆ ಹೋಗುತ್ತಾರೆ. 2001ರಲ್ಲಿ ಅಮೆರಿಕದಲ್ಲಿ ಈ ಔಷಧಿಗೆ ಒಪ್ಪಿಗೆ ಸಿಕ್ಕಿತು. ಮೊದಲ ಪ್ರಯೋಗದಲ್ಲಿ 300 ಎಂಜಿ ಅಥವಾ ಅದಕ್ಕಿಂತ ಜಾಸ್ತಿ ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಕೌಂಟ್ ಸರಿಹೋಗಿತ್ತು. ಆಮೇಲಿನ ದೊಡ್ಡ ಅಧ್ಯಯನದಲ್ಲಿ ಇಮಾಟಿನಿಬ್‌ನಿಂದಲೇ ಶುರು ಮಾಡಿದವರಲ್ಲಿ ಹತ್ತು ವರ್ಷ ದಾಟಿದ ಮೇಲೂ 100ಕ್ಕೆ 83 ಜನ ಬದುಕಿದ್ದರು. ಇದಕ್ಕೂ ಮುಂಚೆ ಮಜ್ಜೆ ಕಸಿ ಆಗದಿದ್ದವರಿಗೆ ಸಾಮಾನ್ಯವಾಗಿ ಸಿಗುತ್ತಿದ್ದುದು ಕೆಲವೇ ವರ್ಷ.

ಹಾಗಾದರೆ ಕೌಂಟ್ ಸರಿಯಾದ ಮೇಲೂ ಯಾಕೆ? ಇದನ್ನು ಮಾವನಿಗೆ ನಿಧಾನವಾಗಿ ಓದಿ ಹೇಳಿ. 7,000 ಅನ್ನುವುದು ಒಟ್ಟು ಬಿಳಿ ಕಣದ ಲೆಕ್ಕ. ಅದರಲ್ಲಿ ಕೆಟ್ಟ ಕಣ ಎಷ್ಟಿದೆ ಅಂತ ಆ ಲೆಕ್ಕ ಹೇಳುವುದಿಲ್ಲ. ಕೌಂಟ್ ಸರಿ ಇರುವಾಗಲೂ ಒಳಗೆ ಕೋಟಿಗಟ್ಟಲೆ ಉಳಿದಿರಬಹುದು. ಅವೆಲ್ಲಕ್ಕೂ ತಾಯಿಯಾದ ಮಜ್ಜೆಯ ಮೂಲ ಕೋಶಗಳು ಇಮಾಟಿನಿಬ್‌ಗೆ ಸುಲಭಕ್ಕೆ ಸಾಯುವುದಿಲ್ಲ, ಅಡಗಿರುತ್ತವೆ. ಈಗ ಮಾತ್ರೆ ಬಿಟ್ಟರೆ ಅಲ್ಲಿಂದಲೇ ಮತ್ತೆ ಶುರು. ಬಿಸಿಆರ್-ಎಬಿಎಲ್ ಓಡುತ್ತಾ ಇದ್ದಷ್ಟೂ ಆ ಕೋಶಗಳ ಡಿಎನ್‌ಎಯಲ್ಲಿ ಹೊಸ ಹೊಸ ಹಾನಿ ಸೇರುತ್ತಾ ಹೋಗುತ್ತದೆ. ಹಾಗೇ ಬಿಟ್ಟರೆ ಒಂದು ದಿನ ಕಾಯಿಲೆ ಬ್ಲಾಸ್ಟ್ ಹಂತಕ್ಕೆ, ಅಂದರೆ ಬಲಿಯದ ಕಣಗಳೇ ತುಂಬಿಕೊಳ್ಳುವ ಕೊನೆಯ ಹಂತಕ್ಕೆ, ಹಾರುತ್ತದೆ. ಅಲ್ಲಿಂದ ಹಿಂದಕ್ಕೆ ತರುವುದು ಬಹಳ ಕಷ್ಟ. ಮೊದಲ ಹಂತದಲ್ಲೇ ಸಿಕ್ಕಿದೆ ಅಂತ ಡಾಕ್ಟರ್ ಧೈರ್ಯ ಹೇಳಿದ್ದು ಇದಕ್ಕೇ. ಆ ಪುಣ್ಯವನ್ನು ಕೈಯಾರೆ ಕಳೆದುಕೊಳ್ಳಬೇಡಿ.

ಒಳಗೆ ಎಷ್ಟು ಉಳಿದಿದೆ ಅಂತ ಎಣಿಸುವುದು ನಮ್ಮ ಪಿಸಿಆರ್ ಪರೀಕ್ಷೆ. ರಕ್ತದಲ್ಲಿ ಬಿಸಿಆರ್-ಎಬಿಎಲ್‌ನ ಆರ್‌ಎನ್‌ಎ (ಜೀನಿನಿಂದ ಕೋಶ ತೆಗೆಯುವ ನಕಲು) ಎಷ್ಟಿದೆ, ಮಾಮೂಲಿ ಎಬಿಎಲ್‌ನದು ಎಷ್ಟಿದೆ ಅಂತ ನೋಡಿ ಶೇಕಡಾ ಲೆಕ್ಕ ಕೊಡುತ್ತೇವೆ. ಒಳ್ಳೆಯ ಎಬಿಎಲ್ಲೇ ಇಲ್ಲಿ ನಮಗೆ ಅಳತೆಗೋಲು. ರಿಪೋರ್ಟಿನಲ್ಲಿ "ಐಎಸ್" ಅಂತ ಇದೆಯಾ ನೋಡಿ. ಅದು ಎಲ್ಲ ದೇಶದವರೂ ಒಪ್ಪಿದ ಅಳತೆ. ಮೂರು ತಿಂಗಳಿಗೆ ಶೇ 10ಕ್ಕಿಂತ ಕೆಳಗೆ, ಆರು ತಿಂಗಳಿಗೆ ಶೇ 1, ಒಂದು ವರ್ಷಕ್ಕೆ ಶೇ 0.1, ಹೀಗೆ ಇಳಿದರೆ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಪ್ರತಿ ಸಲ ಒಂದೇ ಲ್ಯಾಬಿಗೆ ಕೊಡಿ. ಈ ಆರ್‌ಎನ್‌ಎ ಬೇಗ ಹಾಳಾಗುತ್ತದೆ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ತೆಗೆದ ರಕ್ತ ಒಂದೆರಡು ದಿನದೊಳಗೆ ಲ್ಯಾಬಿಗೆ ಮುಟ್ಟಬೇಕು. ಶನಿವಾರ ಸಂಜೆ ದಾವಣಗೆರೆಯಲ್ಲಿ ರಕ್ತ ಕೊಟ್ಟು, ಅದು ಸೋಮವಾರದವರೆಗೆ ಕೊರಿಯರ್ ಆಫೀಸಿನಲ್ಲಿ ಕೂತರೆ ಏನು ಪ್ರಯೋಜನ? ವಾರದ ಮೊದಲಲ್ಲೇ ಕೊಡಿ.

ಉಳಿದ ಪ್ರಶ್ನೆಗಳು. ನಿಮಗೂ ತಮ್ಮನಿಗೂ ಬರುವುದಿಲ್ಲ. ಇದು ಅಪ್ಪನ ಮಜ್ಜೆಯ ಒಂದು ಕೋಶದಲ್ಲಿ, ದೊಡ್ಡವರಾದ ಮೇಲೆ ಆಗಿದ್ದು. ತಂದೆಯಿಂದ ಮಕ್ಕಳಿಗೆ ಇಳಿಯುವಂಥದ್ದಲ್ಲ. ಜಾಸ್ತಿ ಪ್ರಮಾಣದ ವಿಕಿರಣ ಬಿಟ್ಟರೆ ಈ ಕಾಯಿಲೆಗೆ ಬೇರೆ ಕಾರಣ ಗಟ್ಟಿಯಾಗಿ ಸಾಬೀತಾಗಿಲ್ಲ. ತೋಟದ ಔಷಧಿಗೆ ಮುಖ ಮುಚ್ಚಿಕೊಂಡು ಹೊಡೆಯುವುದು ಯಾವತ್ತಿಗೂ ಒಳ್ಳೆಯದೇ, ಆದರೆ ಅದರಿಂದಲೇ ಬಂತು ಅಂತ ಅಪ್ಪ ಕೊರಗಬಾರದು.

ಮೈ ಬೆಳ್ಳಗಾಗುವುದು ಮಾತ್ರೆಯಿಂದ ಇರಬಹುದು. ಇಮಾಟಿನಿಬ್ ಎಬಿಎಲ್ ಒಂದನ್ನೇ ತಡೆಯುವುದಿಲ್ಲ. ಕಿಟ್ ಅನ್ನುವ ಇನ್ನೊಂದು ಕೈನೇಸನ್ನೂ ತಡೆಯುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳಿಗೆ ಕಿಟ್ ಬೇಕು. ನಮ್ಮಂಥ ಕಂದು ಮೈಬಣ್ಣದವರಲ್ಲಿ ಇದು ಚೆನ್ನಾಗಿ ಕಾಣುತ್ತದೆ. ರಕ್ತ ಕಮ್ಮಿಯಾಗಿದೆಯಾ ಅಂತ ಹಿಮೋಗ್ಲೋಬಿನ್ ನೋಡಿದರೆ ಗೊತ್ತಾಗುತ್ತದೆ, ಹೇಗೂ ರಕ್ತ ಪರೀಕ್ಷೆ ಮಾಡಿಸುತ್ತಲೇ ಇರುತ್ತೀರಿ. ಇದೇ ಕಿಟ್ ಕೆಟ್ಟು ಹೊಟ್ಟೆಯಲ್ಲಿ ಬರುವ ಜಿಸ್ಟ್ ಅನ್ನುವ ಗೆಡ್ಡೆಗೂ ಇದೇ ಮಾತ್ರೆ ಕೊಡುತ್ತಾರೆ.

ಹಾಸನದ ಹಳೇ ಮೆಕ್ಯಾನಿಕ್

ಮೇಲಿನ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನಾನು 2009ರಿಂದ ಇದೇ ಮಾತ್ರೆ ನುಂಗುತ್ತಿದ್ದೇನೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದೆ, ಕಾಯಿಲೆ ಬಂದ ಮೇಲೂ ರಿಟೈರ್ ಆಗುವ ತನಕ ಸ್ಪಾನರ್ ಹಿಡಿದೇ ದುಡಿದೆ. ಮಗಳ ಮದುವೆ ಮಾಡಿದೆ. ಮೊಮ್ಮಗನನ್ನು ಎತ್ತಿಕೊಂಡೆ.

ಮಗಳೇ, ನಿಮ್ಮ ಅಪ್ಪಾಜಿಗೆ ಹೇಳಿ. ಮಾತ್ರೆ ಖಾಲಿ ಹೊಟ್ಟೆಗೆ ಬೇಡ, ವಾಕರಿಕೆ ಬರುತ್ತದೆ. ನಾನು ರಾತ್ರಿ ಮುದ್ದೆ ಊಟ ಆದ ಮೇಲೆ, ದೊಡ್ಡ ಲೋಟದ ತುಂಬ ನೀರಿನ ಜೊತೆ ತಗೋತೀನಿ. ಬೆಳಿಗ್ಗೆ ಕಣ್ಣಿನ ರೆಪ್ಪೆ ಊದಿರುತ್ತದೆ, ಹೊತ್ತೇರಿದ ಹಾಗೆ ಇಳಿಯುತ್ತದೆ. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಎದ್ದು ಗೋಡೆಗೆ ಪಾದ ಒತ್ತಿ ನಿಂತರೆ ಬಿಡುತ್ತದೆ. ಏನೇ ಆದರೂ ಡಾಕ್ಟರಿಗೆ ಹೇಳಬೇಕು, ನಾವೇ ಅರ್ಧ ಮಾತ್ರೆ ಮಾಡಬಾರದು. ಗ್ರೇಪ್‌ಫ್ರೂಟ್ ಜ್ಯೂಸ್ ಕುಡಿಯಬೇಡಿ ಅಂತ ಚೀಟಿಯಲ್ಲೇ ಇರುತ್ತದೆ. ಅದು ಲಿವರಿನಲ್ಲಿ ಔಷಧಿ ಕರಗುವುದನ್ನು ತಡೆದು ರಕ್ತದಲ್ಲಿ ಜಾಸ್ತಿ ಮಾಡುತ್ತದಂತೆ. ನಮ್ಮ ಚಕ್ಕೋತವೂ ಅದೇ ಜಾತಿ ಅಂತ ಡಾಕ್ಟರ್ ನನಗೆ ಅದನ್ನೂ ಬಿಡಿಸಿದರು. ದೇವನಹಳ್ಳಿ ಚಕ್ಕೋತ ಅಂದರೆ ನನಗೆ ಪ್ರಾಣ, ಆದರೂ ಬಿಟ್ಟೆ. ನಾಟಿ ಔಷಧಿಯ ವಿಷಯವೂ ಹಾಗೇ. ಅದರಲ್ಲಿ ಏನಿದೆ, ಮಾತ್ರೆಯ ಜೊತೆ ಸೇರಿ ಏನು ಮಾಡುತ್ತದೆ ಅಂತ ಯಾರು ಹೇಳುತ್ತಾರೆ?

ನಿಲ್ಲಿಸಿದವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚೆಕಪ್‌ಗೆ ನನ್ನ ಜೊತೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ. ಗಟ್ಟಿಮುಟ್ಟಾಗಿದ್ದ. ಈಗ ಚೆನ್ನಾಗಿದ್ದೀನಲ್ಲ ಅಂತ ಬಿಟ್ಟ. ಮತ್ತೆ ಬಂದಾಗ ಬ್ಲಾಸ್ಟ್ ಹಂತ ಆಗಿಹೋಗಿತ್ತು. ಉಳಿಯಲಿಲ್ಲ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ, ಈಗಿನವರಿಗೆ ಗೊತ್ತಿರಲಿಕ್ಕಿಲ್ಲ. ಈ ಮಾತ್ರೆಯ ಕಂಪನಿ ಬ್ರಾಂಡ್ ಗ್ಲೈವೆಕ್‌ಗೆ ತಿಂಗಳಿಗೆ ಒಂದು ಲಕ್ಷಕ್ಕೂ ಜಾಸ್ತಿ ಇತ್ತು. ನಮ್ಮ ದೇಶದ ಕಂಪನಿಗಳ ಮಾತ್ರೆ ಎಂಟು ಹತ್ತು ಸಾವಿರಕ್ಕೆ ಸಿಗುತ್ತಿತ್ತು. ನೊವಾರ್ಟಿಸ್ ಕಂಪನಿ ಪೇಟೆಂಟ್ ಬೇಕು ಅಂತ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2013ರ ಏಪ್ರಿಲ್ 1ರಂದು ಕೋರ್ಟ್ ಆಗುವುದಿಲ್ಲ ಅಂದಿತು. ಹಳೇ ಔಷಧಿಯ ಹೊಸ ರೂಪಕ್ಕೆ ಗುಣ ಜಾಸ್ತಿಯಾಗಿದೆ ಅಂತ ತೋರಿಸದೆ ಪೇಟೆಂಟ್ ಇಲ್ಲ ಅನ್ನುವ 3(ಡಿ) ಕಲಮಿನ ಮೇಲೆ ಬಂದ ತೀರ್ಪು. ಆವತ್ತು ಟಿವಿಯಲ್ಲಿ ನೋಡಿ ನಾನೂ ನನ್ನ ಹೆಂಡತಿಯೂ ಅತ್ತುಬಿಟ್ಟೆವು. ತೀರ್ಪು ಬೇರೆಯಾಗಿದ್ದರೆ ನನ್ನಂಥ ಸಂಬಳದವನ ಗತಿ ಏನಾಗುತ್ತಿತ್ತು?

ಚನ್ನಗಿರಿ ಮಗಳು

ಅಕ್ಕಾ, ಅಣ್ಣಾ, ಇಬ್ಬರಿಗೂ ಎಷ್ಟು ಥ್ಯಾಂಕ್ಸ್ ಹೇಳಿದರೂ ಕಮ್ಮಿ. ರಾತ್ರಿ ಊಟ ಆದ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಸ್ಟಾರ್ಟರ್ ಅಂದ ಕೂಡಲೇ ಅಪ್ಪನಿಗೆ ಅರ್ಥವಾಯಿತು. ಮಾವ ಏನೂ ಮಾತಾಡಲಿಲ್ಲ. ಹಾಸನದ ಅಣ್ಣ ಬರೆದ ಹುಡುಗನ ವಿಷಯ ಕೇಳಿ ಅಮ್ಮ ಮಾತ್ರೆ ಡಬ್ಬಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾರೆ.

ಅಪ್ಪನದು ಎರಡು ಪ್ರಶ್ನೆ, ಅವರ ಮಾತಿನಲ್ಲೇ ಹಾಕುತ್ತೇನೆ. "ಒಂದೇ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಅದು ಕೆಲಸ ಮಾಡೋದು ನಿಲ್ಲಿಸಿಬಿಡಲ್ವಾ? ಸಾಯೋ ತನಕ ನುಂಗಬೇಕಾ, ಇಲ್ಲ ಯಾವತ್ತಾದರೂ ಬಿಡಬಹುದಾ?"

ರಾಣೆಬೆನ್ನೂರು ಅಕ್ಕ

ಅಪ್ಪ ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ.

ಕೆಲವರಲ್ಲಿ ಮಾತ್ರೆ ಕೆಲಸ ನಿಲ್ಲಿಸುತ್ತದೆ, ನಿಜ. ಬಿಸಿಆರ್-ಎಬಿಎಲ್ ಕೂಡ ಬದಲಾಗುತ್ತದೆ. ಔಷಧಿ ಕೂರುವ ಸಂದಿಯ ಆಕಾರ ಒಂದು ಅಮೈನೋ ಆಮ್ಲದಷ್ಟು ಬದಲಾದರೆ ಸಾಕು, ಔಷಧಿ ಒಳಗೆ ಹೋಗುವುದಿಲ್ಲ. ಅದರಲ್ಲಿ ಟಿ315ಐ ಅನ್ನುವುದು ಹೆಸರುವಾಸಿ. ಪ್ರೋಟೀನಿನ 315ನೇ ಜಾಗದಲ್ಲಿ ಥ್ರಿಯೋನಿನ್ ಇರಬೇಕಾದಲ್ಲಿ ಐಸೋಲ್ಯೂಸಿನ್ ಬಂದಿರುತ್ತದೆ. ಇದು ಬಂದರೆ ಇಮಾಟಿನಿಬ್ ಮಾತ್ರವಲ್ಲ, ಆಮೇಲೆ ಬಂದ ಡಸಾಟಿನಿಬ್, ನಿಲೋಟಿನಿಬ್ ಕೂಡ ನಡೆಯುವುದಿಲ್ಲ. ಪೊನಾಟಿನಿಬ್ ಅನ್ನುವುದು ನಡೆಯುತ್ತದೆ. ಆದರೆ ರಕ್ತನಾಳ ಕಟ್ಟುವ ಅಪಾಯ ಇರುವುದರಿಂದ ಅದನ್ನು ಎಚ್ಚರಿಕೆಯಿಂದ ಕೊಡುತ್ತಾರೆ.

ಮೊದಲು ಒಂದು ಕೊಬ್ಬಿನ ಎಳೆಯ ವಿಷಯ ಬರೆದಿದ್ದೆ, ನೆನಪಿದೆಯಾ? ಬೆಸುಗೆಯಲ್ಲಿ ಆ ಎಳೆ ಹೋಯಿತು, ಆದರೆ ಅದು ಕೂರುತ್ತಿದ್ದ ಸಂದಿ ಇನ್ನೂ ಹಾಗೇ ಖಾಲಿ ಉಳಿದಿದೆ. ಆ ಖಾಲಿ ಸಂದಿಗೇ ಹೊಂದುವ ಒಂದು ಔಷಧಿ ತಯಾರಿಸಿದರು, ಹೆಸರು ಆಸಿಮಿನಿಬ್. ಅದು ಹೋಗಿ ಕೂತರೆ ಎಬಿಎಲ್ ಹಳೆಯ ಥರವೇ ಮುದುಡಿಕೊಳ್ಳುತ್ತದೆ. ಎಟಿಪಿಯ ಸಂದಿಯ ತಂಟೆಗೇ ಅದು ಹೋಗುವುದಿಲ್ಲ. 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಜಾಸ್ತಿ ಡೋಸಿನಲ್ಲಿ ಟಿ315ಐ ಇದ್ದವರಿಗೂ ಕೊಡುತ್ತಾರೆ. ಆರೋಗ್ಯವಂತ ಪ್ರೋಟೀನ್ ತನ್ನನ್ನು ತಾನು ಹೇಗೆ ತಡೆದುಕೊಳ್ಳುತ್ತದೆ ಅಂತ ಯಾರೋ ವರ್ಷಗಟ್ಟಲೆ ಕೂತು ನೋಡಿದ್ದರಿಂದ ಸಿಕ್ಕ ಔಷಧಿ ಇದು. ಕಾಯಿಲೆಯನ್ನಷ್ಟೇ ಓದಿದ್ದರೆ ಸಿಗುತ್ತಿರಲಿಲ್ಲ ಅನ್ನುವುದು ನನ್ನ ನಂಬಿಕೆ.

ಆದರೆ ಅಪ್ಪನಿಗೆ ಇದೆಲ್ಲ ಈಗ ತಲೆಗೆ ಬೇಡ. ಬಹಳ ಜನರಿಗೆ ಮೊದಲ ಮಾತ್ರೆಯೇ ಸಾಕಾಗುತ್ತದೆ, ಹಾಸನದ ಅಣ್ಣನೇ ಎದುರಿಗಿದ್ದಾರೆ. ಶೇಕಡಾ ಲೆಕ್ಕ ಇಳಿಯದಿದ್ದರೆ ಅಥವಾ ಇಳಿದದ್ದು ಮತ್ತೆ ಏರಿದರೆ ಡಾಕ್ಟರ್ ಮೊದಲು ಕೇಳುವುದು "ದಿನಾ ತಗೋತಿದ್ದೀರಾ?" ಅಂತ. ಆಮೇಲೆ ಮ್ಯುಟೇಶನ್, ಅಂದರೆ ಮೇಲೆ ಹೇಳಿದಂಥ ಬದಲಾವಣೆ, ಇದೆಯಾ ಅನ್ನುವ ಪರೀಕ್ಷೆಗೆ ಬರೆಯುತ್ತಾರೆ. ನಮ್ಮ ಹತ್ತಿರ ಬರುವ ಏರಿದ ರಿಪೋರ್ಟುಗಳಲ್ಲಿ ಎಷ್ಟೋ ಸಲ ಮ್ಯುಟೇಶನ್ ಇರುವುದೇ ಇಲ್ಲ. ಮಾತ್ರೆ ತಪ್ಪಿರುತ್ತದೆ. ಹಬ್ಬ, ಊರಿನ ಜಾತ್ರೆ, ಅಡಿಕೆ ಕೊಯ್ಲು ಅಂತ ತಪ್ಪಿಸಬೇಡಿ. ಅಮ್ಮ ಡಬ್ಬಿ ಹಿಡಿದಿದ್ದು ಬಹಳ ಒಳ್ಳೆಯದಾಯಿತು.

ಎರಡನೆಯದು. ಬಿಡುವ ದಾರಿ ಇದೆ, ಆದರೆ ಈಗಲ್ಲ, ಎಲ್ಲರಿಗೂ ಅಲ್ಲ. ಫ್ರಾನ್ಸ್‌ನಲ್ಲಿ ಇಮಾಟಿನಿಬ್ ತಗೊಂಡು ಎರಡು ವರ್ಷಕ್ಕೂ ಜಾಸ್ತಿ ಪಿಸಿಆರ್‌ನಲ್ಲಿ ಏನೂ ಕಾಣದವರಿಗೆ ಮಾತ್ರೆ ನಿಲ್ಲಿಸಿ ನೋಡಿದರು. 2010ರಲ್ಲಿ ಅದರ ಫಲಿತಾಂಶ ಬಂತು. ಸುಮಾರು 100ಕ್ಕೆ 40 ಜನರಲ್ಲಿ ಕಾಯಿಲೆ ಮರಳಲಿಲ್ಲ. ಉಳಿದವರಲ್ಲಿ ಹೆಚ್ಚಿನವರಿಗೆ ಮರಳಿದ್ದು ಮೊದಲ ಆರು ತಿಂಗಳಲ್ಲೇ. ಮಾತ್ರೆ ಮತ್ತೆ ಶುರು ಮಾಡಿದಾಗ ಹತೋಟಿಗೆ ಬಂತು. ಯಾಕೆಂದರೆ ಪಿಸಿಆರ್‌ನಲ್ಲಿ ಕಾಣಿಸಿದ ತಕ್ಷಣ ಹಿಡಿದರು. ಈಗ ನಮ್ಮಲ್ಲೂ ಕೆಲವು ಡಾಕ್ಟರುಗಳು ಹೀಗೆ ಮಾಡುತ್ತಾರೆ. ವರ್ಷಗಟ್ಟಲೆ ಮಾತ್ರೆ ಸರಿಯಾಗಿ ತಗೊಂಡಿರಬೇಕು, ಲೆಕ್ಕ ಬಹಳ ಕೆಳಗೆ ಇಳಿದು ಅಲ್ಲೇ ನಿಂತಿರಬೇಕು, ನಿಲ್ಲಿಸಿದ ಮೇಲೆ ಶುರುವಿನಲ್ಲಿ ತಿಂಗಳು ತಿಂಗಳೂ ಪಿಸಿಆರ್ ಮಾಡಿಸಬೇಕು. ಮಾವ ಹೇಳಿದ ನಿಲ್ಲಿಸುವುದಕ್ಕೂ ಇದಕ್ಕೂ ಇರುವ ದೂರ ನಿಮಗೆ ಗೊತ್ತಾಗಿರಬೇಕು, ಅಲ್ವಾ?

ಅಪ್ಪನ ಮೊದಲ ಗುರಿ ಮೂರು ತಿಂಗಳ ಶೇ 10. ಆ ರಿಪೋರ್ಟ್ ಬಂದಾಗ ಹೆಸರು, ಫೋನ್ ನಂಬರ್ ಮುಚ್ಚಿ ಇಲ್ಲೇ ಹಾಕಿ. ಅದರಲ್ಲಿ ಏನು ಬರೆದಿದೆ ಅಂತ ಸಾಲು ಸಾಲಾಗಿ ಓದಿ ಹೇಳುತ್ತೇನೆ. ಮುಂದೇನು ಮಾಡಬೇಕು ಅಂತ ಹೇಳುವವರು ನಿಮ್ಮ ಡಾಕ್ಟರೇ. ಅವರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಈಗಲೇ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಹೋಗಿ. ಕ್ಯೂ ಎಷ್ಟೇ ಉದ್ದ ಇದ್ದರೂ ಚೀಟಿ ಕಂಡರೆ ಉತ್ತರ ಕೊಡುತ್ತಾರೆ.